ಶುಶ್ರೂಷಾಧಿಕಾರಿಗಳ ಕಿರು ಕೋರ್ಸುಗಳು: ಮಾನ್ಯತೆ ಯಾವುದಕ್ಕೆ?

ಕಲಬುರಗಿಯಲ್ಲಿ ನರ್ಸ್‌ಗಳಿಗಾಗಿ ಒಂದು ದಿನದ ತರಬೇತಿ ಏರ್ಪಾಡಾಗಿದೆ ಎಂಬ ಸೂಚನೆ ವಾಟ್ಸ್ಯಾಪ್ ಗುಂಪಿಗೆ ಬಿದ್ದ ಕೂಡಲೇ ಬರುವ ಮೊದಲ ಪ್ರಶ್ನೆ "ಕ್ರೆಡಿಟ್ ಅವರ್ಸ್ ಎಷ್ಟ್ ಕೊಡ್ತಾರ್ರಿ ಮೇಡಂ?" ಎಂಬುದು. ಏನು ಕಲಿಸುತ್ತಾರೆ, ಯಾರು ಕಲಿಸುತ್ತಾರೆ ಎಂಬ ಪ್ರಶ್ನೆಗಳು ಆಮೇಲೆ ಬರುತ್ತವೆ. ಎಷ್ಟೋ ಸಲ ಬರುವುದೇ ಇಲ್ಲ. ನರ್ಸಿಂಗ್ ಬೋಧಕಿಯಾಗಿ ಇಂಥ ತರಬೇತಿಗಳನ್ನು ಏರ್ಪಡಿಸುವ ಕೆಲಸದಲ್ಲಿರುವ ನನಗೆ ಈ ಪ್ರಶ್ನೆಯಿಂದ ಬೇಸರವೇನೂ ಆಗುವುದಿಲ್ಲ, ಏಕೆಂದರೆ ನಿಯಮವೇ ಅವರ ಬಾಯಿಂದ ಅದನ್ನು ಕೇಳಿಸುತ್ತಿದೆ. ಭಾರತೀಯ ಶುಶ್ರೂಷಾ ಪರಿಷತ್ತಿನ ನಿಲುವಿನ ಪ್ರಕಾರ ನೋಂದಾಯಿತ ನರ್ಸ್ ಐದು ವರ್ಷಕ್ಕೊಮ್ಮೆ ನೋಂದಣಿಯನ್ನು ನವೀಕರಿಸಿಕೊಳ್ಳಬೇಕು ಮತ್ತು ಆ ಐದು ವರ್ಷಗಳಲ್ಲಿ 150 ಗಂಟೆಗಳ ನಿರಂತರ ಶಿಕ್ಷಣವನ್ನು ಪಡೆದಿರಬೇಕು. ಅಂದರೆ ವರ್ಷಕ್ಕೆ ಸರಾಸರಿ 30 ಗಂಟೆ; ತರಬೇತಿಗಳ ಕ್ರೆಡಿಟ್ ಅವರ್ಸ್ ಸೇರುವುದು ಈ ಲೆಕ್ಕಕ್ಕೇ. (ವೈದ್ಯರ ವೃತ್ತಿ ನಡತೆಯನ್ನು ಕುರಿತ 2002ರ ನಿಯಮಾವಳಿಯು ವೈದ್ಯರಿಂದ ಐದು ವರ್ಷಕ್ಕೆ ಬಯಸಿದ್ದು 30 ಗಂಟೆ ಎಂಬುದನ್ನು ಇಲ್ಲಿ ಸುಮ್ಮನೆ ಬರೆದಿಡುತ್ತೇನೆ.)

ನಿಯಮ ಗಂಟೆ ಕೇಳಿದರೆ ಜನ ಗಂಟೆಯನ್ನೇ ತಂದು ಒಪ್ಪಿಸುತ್ತಾರೆ. ಒಂದು ಕಿರು ಕೋರ್ಸಿಗೆ ಮಾನ್ಯತೆ ಕೊಡುವುದೆಂದರೆ ಆ ಕೋರ್ಸ್ ಮುಗಿಸಿದವರು ರೋಗಿಯ ಮಗ್ಗುಲಲ್ಲಿ ನಿಂತು ಏನನ್ನು ಸರಿಯಾಗಿ ಮಾಡಬಲ್ಲರು ಎಂಬುದನ್ನು ಪರೀಕ್ಷಿಸಿ, ಆ ಪರೀಕ್ಷೆಗೆ ಮಾನ್ಯತೆ ಕೊಡುವುದಾಗಬೇಕು ಎಂಬುದು ನನ್ನ ವಾದ. ಆ ಮಾನ್ಯತೆ ಎಲ್ಲಿಯವರೆಗೆ ಬಾಳುತ್ತದೆ ಮತ್ತು ಯಾವ ಕೆಲಸಕ್ಕೆ ಅದು ಸಾಲದು ಎಂಬುದನ್ನು ಪ್ರಮಾಣಪತ್ರದ ಮೇಲೆಯೇ ಬರೆಯಬೇಕು. ಉಳಿದ ವಿವರಗಳೆಲ್ಲವೂ, ಅಂದರೆ ಯಾರು ಕಲಿಸಬಹುದು, ಎಲ್ಲಿ ಕಲಿಸಬಹುದು, ಆನ್‌ಲೈನ್ ನಡೆಯುತ್ತದೆಯೋ ಇಲ್ಲವೋ ಎಂಬವೆಲ್ಲವೂ, ಇದನ್ನು ಒಪ್ಪಿಕೊಂಡ ಮೇಲೆ ತಾವಾಗಿಯೇ ತಕ್ಕಮಟ್ಟಿಗೆ ಬಗೆಹರಿಯುತ್ತವೆ.

ಕಿರು ಕೋರ್ಸುಗಳು ದಿಕ್ಕಿಲ್ಲದೆ ಉಳಿದಿರುವುದಕ್ಕೆ ಕಾನೂನಿನ ಹುಟ್ಟಿನಲ್ಲಿಯೇ ಕಾರಣವಿದೆ. 1947ರ ಭಾರತೀಯ ಶುಶ್ರೂಷಾ ಪರಿಷತ್ ಕಾಯ್ದೆಯ ಉದ್ದೇಶ ನರ್ಸ್, ಮಿಡ್‌ವೈಫ್ ಮತ್ತು ಹೆಲ್ತ್ ವಿಸಿಟರ್‌ಗಳ ತರಬೇತಿಗೆ ದೇಶದಾದ್ಯಂತ ಒಂದೇ ಮಟ್ಟವನ್ನು ತರುವುದಾಗಿತ್ತು. ಒಂದು ರಾಜ್ಯದಲ್ಲಿ ಕಲಿತವರು ಇನ್ನೊಂದು ರಾಜ್ಯದಲ್ಲಿ ದುಡಿಯಬೇಕಾದರೆ ಅವರ ಅರ್ಹತೆಯನ್ನು ಇವರು ಒಪ್ಪಬೇಕಾಗಿತ್ತು. ಆದ್ದರಿಂದ ಕಾಯ್ದೆಯ ಅನುಸೂಚಿಯಲ್ಲಿ ಮಾನ್ಯ ಅರ್ಹತೆಗಳ ಪಟ್ಟಿಯೊಂದು, ಮಾನ್ಯ ಉನ್ನತ ಅರ್ಹತೆಗಳ ಪಟ್ಟಿ ಇನ್ನೊಂದು ಎಂದು ಎರಡು ಭಾಗಗಳಾದವು. ನಮ್ಮ ರಾಜ್ಯದ 1961ರ ನರ್ಸ್, ಮಿಡ್‌ವೈಫ್ ಮತ್ತು ಹೆಲ್ತ್ ವಿಸಿಟರ್‌ಗಳ ಕಾಯ್ದೆಯೂ ನೋಂದಣಿ ಪುಸ್ತಕವನ್ನೇ ಮಧ್ಯದಲ್ಲಿಟ್ಟುಕೊಂಡು ನಿಂತಿದೆ. ನರ್ಸಿಂಗಿನ ಮೂಲ ಕೋರ್ಸುಗಳಾದ ಎಎನ್‌ಎಂ, ಜಿಎನ್‌ಎಂ, ಬಿ.ಎಸ್ಸಿ. ನರ್ಸಿಂಗ್ ಇವೆಲ್ಲ ಈ ಚೌಕಟ್ಟಿನೊಳಗೆ ಸುಲಭವಾಗಿ ಕೂರುತ್ತವೆ. ಮೂಲ ಕೋರ್ಸಿನ ಬಳಿಕ ಮಾಡುವ ಒಂದು ವರ್ಷದ ಪೋಸ್ಟ್ ಬೇಸಿಕ್ ಡಿಪ್ಲೊಮಾಗಳಿಗೂ, ಉದಾಹರಣೆಗೆ ಕ್ರಿಟಿಕಲ್ ಕೇರ್, ನವಜಾತ ಶಿಶು ಆರೈಕೆ, ಕ್ಯಾನ್ಸರ್ ಶುಶ್ರೂಷೆಯಂಥವುಗಳಿಗೂ, ಅದರಲ್ಲಿ ಜಾಗ ಸಿಕ್ಕಿದೆ. ಎರಡು ದಿನದ ಕೋರ್ಸ್ ಮಾತ್ರ ಅರ್ಹತೆಯೂ ಅಲ್ಲದೆ ಉನ್ನತ ಅರ್ಹತೆಯೂ ಅಲ್ಲದೆ ನವೀಕರಣದ ಅರ್ಜಿಗೆ ಲಗತ್ತಿಸುವ ಒಂದು ಹಾಳೆಯಾಗಿ ಉಳಿಯಿತು.

ಹಳೆಯ ಕಾಯ್ದೆಯ ಸ್ಥಾನಕ್ಕೆಂದು ಸಂಸತ್ತು 2023ರ ಆಗಸ್ಟ್‌ನಲ್ಲಿ ರಾಷ್ಟ್ರೀಯ ನರ್ಸಿಂಗ್ ಮತ್ತು ಮಿಡ್‌ವೈಫರಿ ಆಯೋಗ ಕಾಯ್ದೆಯನ್ನು ಅಂಗೀಕರಿಸಿತು. ಅದರಲ್ಲಿ ಆಯೋಗದ ಕೆಳಗೆ ಮೂರು ಸ್ವಾಯತ್ತ ಮಂಡಳಿಗಳಿವೆ: ಪದವಿ ಮತ್ತು ಸ್ನಾತಕೋತ್ತರ ಶಿಕ್ಷಣವನ್ನು ನೋಡಿಕೊಳ್ಳುವುದು ಒಂದು, ಸಂಸ್ಥೆಗಳ ಮೌಲ್ಯಮಾಪನ ಮಾಡುವುದು ಇನ್ನೊಂದು, ನೋಂದಣಿ ಮತ್ತು ವೃತ್ತಿ ನೀತಿಯನ್ನು ನೋಡಿಕೊಳ್ಳುವುದು ಮತ್ತೊಂದು. ಕಿರು ಕೋರ್ಸಿನ ಪಠ್ಯ ಮೊದಲನೆಯ ಮಂಡಳಿಯ ಮಾತು, ಅದನ್ನು ನಡೆಸುವ ಸಂಸ್ಥೆ ಎರಡನೆಯದರ ಮಾತು, ಅದರಿಂದ ನವೀಕರಣಕ್ಕೆ ಸಿಗುವ ಫಲ ಮೂರನೆಯದರ ಮಾತು. ಮೂವರ ಮನೆಯ ಬಾಗಿಲಿಗೂ ಸಲ್ಲುವ ವಿಷಯ ಯಾರ ಮನೆಗೂ ಸೇರದೆ ಹೋಗುವ ಅಪಾಯ ನಮ್ಮ ಕಚೇರಿಗಳಲ್ಲಿ ಹೊಸದಲ್ಲ. ಹಾಗಾಗಿ ನಿಯಮಗಳನ್ನು ಬರೆಯುವಾಗಲೇ ಕಿರು ಕೋರ್ಸುಗಳಿಗೆ ಪ್ರತ್ಯೇಕವಾದ ಒಂದು ಅಧ್ಯಾಯ ಬೇಕೆಂದು ನಾನು ಭಾವಿಸುತ್ತೇನೆ.

ಸದ್ಯಕ್ಕೆ ನಡೆಯುತ್ತಿರುವುದು ಏನು ಎಂಬುದನ್ನು ಈ ಭಾಗದ ನರ್ಸ್‌ಗಳಿಗೆ ನಾನು ಹೇಳಬೇಕಾಗಿಲ್ಲ. ಹತ್ತು ಗಂಟೆಗೆ ಆರಂಭವೆಂದು ಆಮಂತ್ರಣದಲ್ಲಿ ಅಚ್ಚಾಗಿರುತ್ತದೆ. ಮುಖ್ಯ ಅತಿಥಿಗಳು ಬರುವುದು ಹನ್ನೊಂದಕ್ಕೆ. ಪ್ರಾರ್ಥನೆ, ಸ್ವಾಗತ, ದೀಪ ಬೆಳಗುವುದು, ಪ್ರಾಸ್ತಾವಿಕ ಮಾತು, ಶಾಲು ಮತ್ತು ಹಾರ, ಅಧ್ಯಕ್ಷರ ನುಡಿ, ವಂದನಾರ್ಪಣೆ ಇಷ್ಟು ಮುಗಿಯುವ ಹೊತ್ತಿಗೆ ಊಟದ ವೇಳೆ ಹತ್ತಿರವಾಗಿರುತ್ತದೆ. ಮಧ್ಯಾಹ್ನ ಇಬ್ಬರು ಉಪನ್ಯಾಸಕರು ತಲಾ ನಲವತ್ತೈದು ನಿಮಿಷ ಸ್ಲೈಡುಗಳನ್ನು ಓದುತ್ತಾರೆ. ಹಿಂದಿನ ಸಾಲುಗಳಲ್ಲಿ ಸಭಾಂಗಣ ತುಂಬಿ ಕಾಣಲೆಂದು ಕರೆತಂದ ಮೊದಲ ವರ್ಷದ ವಿದ್ಯಾರ್ಥಿನಿಯರು ಕುಳಿತಿರುತ್ತಾರೆ, ಮುಂದಿನ ಸಾಲುಗಳಲ್ಲಿ ರಾತ್ರಿ ಪಾಳಿ ಮುಗಿಸಿ ನೇರವಾಗಿ ಬಂದ ಸಿಸ್ಟರ್‌ಗಳು ಕಣ್ಣು ತೆರೆದಿಡಲು ಹೆಣಗುತ್ತಿರುತ್ತಾರೆ. ಸಂಜೆ ಎಲ್ಲರಿಗೂ ಆರು ಗಂಟೆಗಳ ಪ್ರಮಾಣಪತ್ರ. ಆ ಆರು ಗಂಟೆಗಳಲ್ಲಿ ಒಬ್ಬರ ಕೈಗೂ ಒಂದು ಉಪಕರಣ ಬಂದಿರುವುದಿಲ್ಲ. ಎಲ್ಲ ಕಡೆಯೂ ಹೀಗೇ ಎಂದು ನಾನು ಹೇಳುವುದಿಲ್ಲ. ಬೊಂಬೆಗಳನ್ನಿಟ್ಟುಕೊಂಡು ಗುಂಪು ಗುಂಪಾಗಿ ಅಭ್ಯಾಸ ಮಾಡಿಸುವ ಒಳ್ಳೆಯ ತರಬೇತಿಗಳೂ ನಮ್ಮಲ್ಲಿ ನಡೆಯುತ್ತವೆ. ಆದರೆ ನವೀಕರಣದ ಲೆಕ್ಕದಲ್ಲಿ ಆ ಆರು ಗಂಟೆಗೂ ಈ ಆರು ಗಂಟೆಗೂ ಒಂದೇ ಬೆಲೆ. ಒಳ್ಳೆಯದನ್ನು ನಡೆಸುವವರಿಗೆ ಖರ್ಚು ಹೆಚ್ಚು, ಸಂಖ್ಯೆ ಕಡಿಮೆ, ಕೆಲಸ ದುಪ್ಪಟ್ಟು. ಪ್ರತಿಫಲ ಮಾತ್ರ ಸಮ. ಇದು ಬಹಳ ಕಾಲ ನಡೆದರೆ ಯಾವುದು ಉಳಿದು ಯಾವುದು ಅಳಿಯುತ್ತದೆ ಎಂಬುದನ್ನು ಊಹಿಸುವುದು ಕಷ್ಟವಲ್ಲ.

ಕೌಶಲವನ್ನು ಪರೀಕ್ಷಿಸುವುದೆಂದರೆ ಏನು ಎಂಬುದಕ್ಕೆ ನಮ್ಮ ಸೀಮೆಯದೇ ಒಂದು ಉದಾಹರಣೆಯನ್ನು ತೆಗೆದುಕೊಳ್ಳುತ್ತೇನೆ. ಮುಂಗಾರು ಬಿದ್ದು ತೊಗರಿ, ಹೆಸರು, ಉದ್ದು ಬಿತ್ತನೆ ಶುರುವಾದರೆ ಕಲಬುರಗಿ, ಯಾದಗಿರಿ, ಬೀದರ್ ಮೂರೂ ಜಿಲ್ಲೆಗಳ ಹೊಲಗಳಿಂದ ಹಾವು ಕಡಿದವರು ಆಸ್ಪತ್ರೆಗೆ ಬರತೊಡಗುತ್ತಾರೆ. 2024ರಲ್ಲಿ ಕರ್ನಾಟಕ ಸರ್ಕಾರವು ಹಾವು ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಪ್ರಕರಣವೆಂದು ಅಧಿಸೂಚನೆ ಹೊರಡಿಸಿತು. ತಾಲ್ಲೂಕು ಆಸ್ಪತ್ರೆಯಲ್ಲಿ ರಾತ್ರಿ ಹೊತ್ತು ಇಂಥ ರೋಗಿ ಬಂದಾಗ ದೊಡ್ಡ ಪ್ರಯೋಗಾಲಯದ ನೆರವಿಲ್ಲದೆ ವಿಷ ರಕ್ತಕ್ಕೆ ಏರಿದೆಯೇ ಎಂದು ತಿಳಿಯಲು ಇರುವ ದಾರಿ 20 ನಿಮಿಷದ ರಕ್ತ ಹೆಪ್ಪುಗಟ್ಟುವ ಪರೀಕ್ಷೆ. ಕೇಳಲು ಇದಕ್ಕಿಂತ ಸರಳವಾದದ್ದು ಇನ್ನೊಂದಿಲ್ಲ: ಸುಮಾರು ಎರಡು ಮಿಲಿ ಲೀಟರ್ ರಕ್ತವನ್ನು ಗಾಜಿನ ಟೆಸ್ಟ್ ಟ್ಯೂಬಿನಲ್ಲಿ ತೆಗೆದುಕೊಂಡು, ಇಪ್ಪತ್ತು ನಿಮಿಷ ಅಲುಗಿಸದೆ ಇಟ್ಟು, ಆಮೇಲೆ ಒಮ್ಮೆ ಓರೆ ಮಾಡಿ ನೋಡುವುದು. ಹೆಪ್ಪುಗಟ್ಟದೆ ಹರಿದರೆ ವಿಷ ಏರಿದೆ, ಪ್ರತಿವಿಷ ಬೇಕು.

ಇದನ್ನು ಸ್ಲೈಡಿನಲ್ಲಿ ತೋರಿಸಲು ಎರಡು ನಿಮಿಷ ಸಾಕು, ಬಹು ಆಯ್ಕೆಯ ಪ್ರಶ್ನೆಯಲ್ಲಿ ಕೇಳಿದರೆ ಎಲ್ಲರೂ ಸರಿಯುತ್ತರ ಬರೆಯುತ್ತಾರೆ. ವಾರ್ಡಿನಲ್ಲಿ ಅದು ಕೆಡುವ ಬಗೆಗಳು ಬೇರೆಯೇ ಇವೆ. ಟ್ಯೂಬು ಗಾಜಿನದೇ ಆಗಿರಬೇಕು, ಏಕೆಂದರೆ ರಕ್ತ ಹೆಪ್ಪುಗಟ್ಟುವ ಕ್ರಿಯೆಯನ್ನು ಚುರುಕುಗೊಳಿಸುವುದು ಗಾಜಿನ ಮೇಲ್ಮೈ. ಪ್ಲಾಸ್ಟಿಕ್ಕಿನಲ್ಲಿ ತೆಗೆದರೆ ವಿಷವಿಲ್ಲದವನ ರಕ್ತವೂ ಹೆಪ್ಪುಗಟ್ಟದೆ ಉಳಿದು, ಬೇಡದವನಿಗೆ ಪ್ರತಿವಿಷ ಏರಿಸಿದಂತಾಗುತ್ತದೆ. ಸಾಬೂನು ಪುಡಿಯಲ್ಲಿ ತೊಳೆದು ಮತ್ತೆ ಬಳಸಿದ ಟ್ಯೂಬಿನಲ್ಲಿಯೂ ಅದೇ ತಪ್ಪು ಆಗುತ್ತದೆ. ಟ್ಯೂಬು ಒಣಗಿರಬೇಕು, ಸ್ವಚ್ಛವಾಗಿರಬೇಕು. ನಡುವೆ ಯಾರಾದರೂ ಎತ್ತಿ ಅಲುಗಾಡಿಸಿ ನೋಡಿದರೆ ಪರೀಕ್ಷೆ ಕೆಟ್ಟಿತು; ರೋಗಿಯ ಕಡೆಯವರು ಸುತ್ತ ನೆರೆದಿರುವ ಕ್ಯಾಶುವಾಲ್ಟಿಯಲ್ಲಿ ಅದನ್ನು ಇಪ್ಪತ್ತು ನಿಮಿಷ ಯಾರೂ ಮುಟ್ಟದಂತೆ ಇಡುವುದು ಸಣ್ಣ ಕೆಲಸವಲ್ಲ. ಮೊದಲ ಸಲ ಹೆಪ್ಪುಗಟ್ಟಿತೆಂದು ನಿಶ್ಚಿಂತರಾಗುವಂತಿಲ್ಲ, ನಿಗದಿತ ಅವಧಿಗೆ ಮತ್ತೆ ಮಾಡಬೇಕು. ಪ್ರತಿವಿಷ ಕೊಟ್ಟ ಮೇಲೂ ಆರು ಗಂಟೆ ಬಿಟ್ಟು ಮಾಡಬೇಕು. ಎಲ್ಲಕ್ಕಿಂತ ಮುಖ್ಯವಾಗಿ, ಕಟ್ಟುಹಾವು ಅಥವಾ ನಾಗರಹಾವು ಕಚ್ಚಿದ್ದರೆ ರಕ್ತ ಚೆನ್ನಾಗಿಯೇ ಹೆಪ್ಪುಗಟ್ಟೀತು, ಆದರೆ ರೋಗಿಯ ರೆಪ್ಪೆ ಜೋಲತೊಡಗಿ ಉಸಿರು ಸೋಲಬಹುದು. ರಾತ್ರಿ ನೆಲದ ಮೇಲೆ ಮಲಗಿದವರಿಗೆ ಕಟ್ಟುಹಾವು ಕಚ್ಚಿದಾಗ ನೋವಾಗಲಿ ಗಾಯವಾಗಲಿ ಅಷ್ಟಾಗಿ ಕಾಣುವುದೇ ಇಲ್ಲ. ಆದ್ದರಿಂದ ಟ್ಯೂಬನ್ನು ನೋಡುವ ನರ್ಸ್ ಅದರ ಜೊತೆಗೆ ರೋಗಿಯ ಕಣ್ಣು, ಕುತ್ತಿಗೆ ಮತ್ತು ಉಸಿರಾಟವನ್ನು ನೋಡುತ್ತಿರಬೇಕು. ಪ್ರತಿವಿಷ ಹರಿಯಲಾರಂಭಿಸಿದ ಮೇಲೆ ಮೈಮೇಲೆ ದದ್ದು ಏಳುವುದು, ಉಸಿರು ಕಟ್ಟುವುದು, ಬಿಪಿ ಇಳಿಯುವುದು ಮೊದಲಾದ ಅಲರ್ಜಿಯ ಚಿಹ್ನೆಗಳನ್ನು ಮೊದಲು ಕಾಣುವವರೂ ಅವರೇ. ಅಡ್ರಿನಲಿನ್ ಸಿರಿಂಜಿನಲ್ಲಿ ಸಿದ್ಧವಾಗಿರಬೇಕಾದದ್ದು ಅದಕ್ಕಾಗಿ.

ಇಷ್ಟನ್ನೂ ಒಂದು ದಿನದಲ್ಲಿ ಕಲಿಸಬಹುದು ಮತ್ತು ಒಂದು ದಿನದಲ್ಲಿ ಪರೀಕ್ಷಿಸಲೂಬಹುದು. ಒಂದು ಮೇಜಿನ ಮೇಲೆ ಗಾಜಿನ ಟ್ಯೂಬು, ಪ್ಲಾಸ್ಟಿಕ್ ಟ್ಯೂಬು, ತೊಳೆದ ಟ್ಯೂಬುಗಳನ್ನು ಬೆರೆಸಿಟ್ಟು ಆರಿಸಲು ಹೇಳಬೇಕು. ಹೆಪ್ಪುಗಟ್ಟಿದ ರಕ್ತವೆಂದು ತೋರಿಸಿ, ರೋಗಿಯ ಪಾತ್ರದಲ್ಲಿರುವವರ ರೆಪ್ಪೆಗಳು ಜೋಲುತ್ತಿರುವಾಗ ಪರೀಕ್ಷಾರ್ಥಿ ಏನನ್ನು ವೈದ್ಯರಿಗೆ ಫೋನಿನಲ್ಲಿ ತಿಳಿಸುತ್ತಾರೆ ಎಂದು ಕೇಳಿಸಿಕೊಳ್ಳಬೇಕು. ಪ್ರತಿವಿಷದ ಪುಡಿಯ ಸೀಸೆಗಳನ್ನು ನೊರೆಯೇಳದಂತೆ ಕರಗಿಸುವ ಬಗೆಯನ್ನು ನೋಡಬೇಕು. ಇಂಥ ಪರೀಕ್ಷೆಯಲ್ಲಿ ಉತ್ತೀರ್ಣರಾದವರಿಗೆ ಆರು ಗಂಟೆಗಳ ಬದಲು ಹನ್ನೆರಡು ಗಂಟೆಗಳ ಮಾನ್ಯತೆ ಕೊಟ್ಟರೂ ನನಗೆ ತಕರಾರಿಲ್ಲ. ಸುಮ್ಮನೆ ಕೂತು ಎದ್ದವರಿಗೆ ಒಂದು ಗಂಟೆಯಷ್ಟನ್ನು ಕೊಟ್ಟರೂ ಅದು ಉದಾರವೇ. ಕ್ರಿಮಿನಾಶಕ ಕುಡಿದು ಬಂದವರಿಗೆ ಅಟ್ರೊಪಿನ್ ಕೊಡುವಾಗ ಎದೆಯ ಸದ್ದು, ನಾಡಿ, ಕಣ್ಣಪಾಪೆ, ಬೆವರು ಇವುಗಳನ್ನು ಗಮನಿಸುತ್ತ ಔಷಧಿ ಸಾಕಾಯಿತೋ ಅತಿಯಾಯಿತೋ ಎಂದು ಗುರುತಿಸುವ ಕೆಲಸವೂ ಇದೇ ಜಾತಿಯದು. ಅದನ್ನು ಉಪನ್ಯಾಸ ಕೇಳಿ ಕಲಿತವರನ್ನು ನಾನು ಇನ್ನೂ ಕಂಡಿಲ್ಲ.

ಕಿರು ಕೋರ್ಸಿನ ಇನ್ನೊಂದು ಮುಖದ ಬಗ್ಗೆ ಕೋರ್ಸ್ ನಡೆಸುವವರು ಸಾಮಾನ್ಯವಾಗಿ ಮಾತನಾಡುವುದಿಲ್ಲ. ಎರಡು ದಿನದ ವೆಂಟಿಲೇಟರ್ ತರಬೇತಿಗೆ ಹೋಗಿಬಂದ ಹುಡುಗಿಯನ್ನು ಮರುವಾರವೇ ಐಸಿಯು ರಾತ್ರಿ ಪಾಳಿಗೆ ಒಬ್ಬಳನ್ನೇ ಹಾಕಿ, "ನೀ ಟ್ರೇನಿಂಗ್ ಆಗಿ ಬಂದೀಯಲ್ಲ, ನಿನಗ ಬರ್ತದ" ಎಂದು ಹೇಳಿದ ಆಡಳಿತವನ್ನು ನಾನು ಬಲ್ಲೆ. ಹೆಸರು ಬೇಡ, ಏಕೆಂದರೆ ಇದು ಒಂದೇ ಕಡೆಯ ಕಥೆಯಾಗಿ ಉಳಿದಿಲ್ಲ. ಕ್ರಿಟಿಕಲ್ ಕೇರ್‌ನಲ್ಲಿ ಒಂದು ವರ್ಷದ ಪೋಸ್ಟ್ ಬೇಸಿಕ್ ಡಿಪ್ಲೊಮಾ ಇರುವುದು, ಅದರ ಮೇಲೆ ಎರಡು ವರ್ಷಗಳ ನರ್ಸ್ ಪ್ರಾಕ್ಟೀಷನರ್ ಸ್ನಾತಕೋತ್ತರ ಕೋರ್ಸ್ ಇರುವುದು ಕಾರಣವಿಲ್ಲದೆ ಅಲ್ಲ. ಎರಡು ದಿನದ ತರಬೇತಿಗೆ ಮಾನ್ಯತೆ ಸಿಕ್ಕಿತೆಂದರೆ ಆಸ್ಪತ್ರೆಗಳು ಅದನ್ನು ಈ ಡಿಪ್ಲೊಮಾಕ್ಕೆ ಅಗ್ಗದ ಬದಲಿಯಾಗಿ ಬಳಸುವ ಆಮಿಷ ಇನ್ನಷ್ಟು ಹೆಚ್ಚುತ್ತದೆ. ಏನಾದರೂ ಅನಾಹುತವಾದಾಗ "ಈಕೆಗೆ ಕೌನ್ಸಿಲ್ ಮಾನ್ಯತೆಯ ತರಬೇತಿ ಆಗಿತ್ತು" ಎಂಬ ಮಾತು ಆಸ್ಪತ್ರೆಯನ್ನು ಕಾಯುತ್ತದೆ, ನರ್ಸನ್ನು ಕಟಕಟೆಗೆ ತರುತ್ತದೆ.

ಆದ್ದರಿಂದ ಮಾನ್ಯತೆಯ ಪತ್ರದಲ್ಲಿ ಮಿತಿಯನ್ನೂ ಬರೆಯಬೇಕೆಂದು ನಾನು ಪಟ್ಟು ಹಿಡಿದು ಹೇಳುತ್ತೇನೆ. "ಈ ಪತ್ರ ಹೊಂದಿರುವವರು ಹಿರಿಯ ನರ್ಸ್ ಅಥವಾ ವೈದ್ಯರ ಮೇಲ್ವಿಚಾರಣೆಯಲ್ಲಿ ಇಂತಿಂಥ ಕೆಲಸ ಮಾಡಬಲ್ಲರು, ಸ್ವತಂತ್ರವಾಗಿ ಘಟಕವನ್ನು ನಿರ್ವಹಿಸುವುದಕ್ಕೆ ಇದು ಅರ್ಹತೆಯಲ್ಲ" ಎಂಬ ಎರಡು ಸಾಲು ಅಚ್ಚಾಗಿದ್ದರೆ ರಾತ್ರಿ ಪಾಳಿಯ ಆ ಹುಡುಗಿಗೆ ತನ್ನ ಇನ್‌ಚಾರ್ಜ್ ಎದುರು ತೋರಿಸಲು ಒಂದು ಆಧಾರವಿರುತ್ತದೆ. ಇದರಿಂದ ಕೋರ್ಸಿನ ಗೌರವ ಕುಗ್ಗುತ್ತದೆ ಎಂದು ಆಯೋಜಕರು ಹೇಳುವುದನ್ನು ಕೇಳಿದ್ದೇನೆ. ನನಗೆ ಹಾಗೆ ಅನ್ನಿಸುವುದಿಲ್ಲ.

ಅವಧಿಯ ಮಾತೂ ಇದಕ್ಕೆ ಸೇರಿದ್ದೇ. ಅಮೆರಿಕನ್ ಹಾರ್ಟ್ ಅಸೋಸಿಯೇಷನ್ನಿನ ಬಿಎಲ್‌ಎಸ್ (ಜೀವರಕ್ಷಣೆಯ ಮೂಲ ತರಬೇತಿ) ಕಾರ್ಡ್ ಎರಡು ವರ್ಷಕ್ಕೆ ಮುಗಿಯುತ್ತದೆ, ಯಾರೂ ಅದನ್ನು ಪ್ರಶ್ನಿಸುವುದಿಲ್ಲ; ನಿಮಿಷಕ್ಕೆ 100ರಿಂದ 120 ಸಲ, ಕನಿಷ್ಠ ಐದು ಸೆಂಟಿಮೀಟರ್ ಆಳಕ್ಕೆ ಎದೆಯೊತ್ತುವ ರೂಢಿ ಅಭ್ಯಾಸವಿಲ್ಲದಿದ್ದರೆ ಕೈಯಿಂದ ಜಾರುತ್ತದೆ ಎಂಬುದು ಎಲ್ಲರಿಗೂ ಗೊತ್ತು. ಆದರೆ ಹತ್ತು ವರ್ಷ ಹಿಂದಿನ ನವಜಾತ ಶಿಶು ಪುನಶ್ಚೇತನದ ಪ್ರಮಾಣಪತ್ರವನ್ನು ಇಂದಿಗೂ ಫೈಲಿನಲ್ಲಿಟ್ಟುಕೊಂಡು ತೋರಿಸುವವರಿದ್ದಾರೆ. ಹುಟ್ಟಿದ ಮೊದಲ ಒಂದು ನಿಮಿಷದಲ್ಲಿ ಮಗುವಿಗೆ ಉಸಿರು ಕೊಡಿಸಬೇಕಾದ ಕೈಗೆ ಹತ್ತು ವರ್ಷದ ಹಿಂದಿನ ಅಭ್ಯಾಸ ಸಾಲುತ್ತದೆಯೇ? ಎಲ್ಲ ಕೋರ್ಸಿಗೂ ಒಂದೇ ಅವಧಿ ಬೇಡ. ಕೈಕೆಲಸದ ಕೌಶಲಗಳಿಗೆ ಎರಡು ವರ್ಷ, ಕಾನೂನು, ದಾಖಲೆ, ಸಂವಹನದಂಥ ವಿಷಯಗಳಿಗೆ ಐದು ವರ್ಷ ಎಂದರೆ ಸಾಕು.

ಬೇರೆ ದೇಶಗಳು ಈ ಪ್ರಶ್ನೆಯನ್ನು ಎರಡು ಬಗೆಯಲ್ಲಿ ಬಿಡಿಸಿಕೊಂಡಿವೆ. ಕ್ಯಾಲಿಫೋರ್ನಿಯಾದಲ್ಲಿ ಎರಡು ವರ್ಷಕ್ಕೊಮ್ಮೆ ಲೈಸೆನ್ಸ್ ನವೀಕರಿಸಲು 30 ಗಂಟೆಗಳ ಕಲಿಕೆ ಬೇಕು. ಅಲ್ಲಿನ ನೋಂದಾಯಿತ ನರ್ಸಿಂಗ್ ಮಂಡಳಿಯು ಕೋರ್ಸ್ ನಡೆಸುವ ಸಂಸ್ಥೆಗೆ ಅನುಮೋದನೆ ಕೊಟ್ಟು ಒಂದು ಸಂಖ್ಯೆಯನ್ನು ನೀಡುತ್ತದೆ, ಆ ಸಂಖ್ಯೆ ಪ್ರಮಾಣಪತ್ರದ ಮೇಲಿರುತ್ತದೆ. ಬ್ರಿಟನ್ ಇನ್ನೊಂದು ದಾರಿ ಹಿಡಿಯಿತು. 2016ರ ಏಪ್ರಿಲ್‌ನಿಂದ ಅಲ್ಲಿ ಮೂರು ವರ್ಷಕ್ಕೊಮ್ಮೆ ನಡೆಯುವ ಮರುಮಾನ್ಯತೆಗೆ 450 ಗಂಟೆಗಳ ವೃತ್ತಿ ನಿರ್ವಹಣೆ, 35 ಗಂಟೆಗಳ ಕಲಿಕೆ, ಅದರಲ್ಲಿ 20 ಗಂಟೆ ಇತರರೊಂದಿಗೆ ಸೇರಿ ಕಲಿತದ್ದು, ಜೊತೆಗೆ ತಾನು ಕಲಿತದ್ದು ತನ್ನ ಕೆಲಸವನ್ನು ಹೇಗೆ ಬದಲಿಸಿತು ಎಂದು ನರ್ಸ್ ತಾನೇ ಬರೆದ ಐದು ಟಿಪ್ಪಣಿಗಳು ಬೇಕು. ಆ ಟಿಪ್ಪಣಿಗಳನ್ನು ಇನ್ನೊಬ್ಬ ನೋಂದಾಯಿತ ನರ್ಸಿನೊಂದಿಗೆ ಕುಳಿತು ಚರ್ಚಿಸಬೇಕು. ಅಲ್ಲಿ ನಿಯಂತ್ರಣದ ಭಾರ ಕೋರ್ಸಿನ ಮೇಲಿಲ್ಲ, ಕಲಿತವರ ಮೇಲಿದೆ.

ಬ್ರಿಟನ್ನಿನ ಪದ್ಧತಿ ನನಗೆ ಬುದ್ಧಿಯ ಮಟ್ಟದಲ್ಲಿ ಹೆಚ್ಚು ಇಷ್ಟ. ಆದರೆ ನಮ್ಮಲ್ಲಿ ಅದನ್ನು ಹಾಗೆಯೇ ತಂದರೆ ಒಂದೇ ತಿಂಗಳಲ್ಲಿ ಐದು ಸಿದ್ಧ ಟಿಪ್ಪಣಿಗಳು ಜೆರಾಕ್ಸ್ ಅಂಗಡಿಗಳಲ್ಲಿ ಸಿಗತೊಡಗುತ್ತವೆ ಎಂಬ ಭಯವೂ ಇದೆ. ನಮ್ಮ ಜಿಎನ್‌ಎಂ ಹುಡುಗಿಯರ ಕೇಸ್ ಸ್ಟಡಿ ಪುಸ್ತಕಗಳ ಗತಿಯನ್ನು ಕಂಡವರು ಈ ಭಯವನ್ನು ಅನುಮಾನಿಸಲಾರರು. ಆದ್ದರಿಂದ ನಾವು ಎರಡನ್ನೂ ಬೆರೆಸಬೇಕಾಗುತ್ತದೆ. ಸಂಸ್ಥೆಗೆ ಅನುಮೋದನೆಯ ಸಂಖ್ಯೆ ಕ್ಯಾಲಿಫೋರ್ನಿಯಾದಂತೆ ಇರಲಿ. ಕೋರ್ಸ್ ಮುಗಿಸಿ ಒಂದೆರಡು ತಿಂಗಳ ಬಳಿಕ ಆ ನರ್ಸ್ ತನ್ನ ವಾರ್ಡಿನಲ್ಲಿ ಆ ಕೌಶಲವನ್ನು ಸರಿಯಾಗಿ ಬಳಸಿದ್ದನ್ನು ನೋಡಿದ ಹಿರಿಯ ನರ್ಸೊಬ್ಬರು ತಮ್ಮ ನೋಂದಣಿ ಸಂಖ್ಯೆ ಬರೆದು ಸಹಿ ಹಾಕಲಿ, ಪೂರ್ಣ ಮಾನ್ಯತೆ ಆಗ ಸಿಗಲಿ. ಸುಳ್ಳು ಸಹಿಗೆ ಸಹಿ ಮಾಡಿದವರ ನೋಂದಣಿಯೇ ಹೊಣೆಯಾದರೆ ಅಷ್ಟು ಸುಲಭವಾಗಿ ಯಾರೂ ಪೆನ್ನು ತೆಗೆಯುವುದಿಲ್ಲ. ಅನುಮೋದಿತ ಕೋರ್ಸುಗಳಲ್ಲಿ ಕೆಲವನ್ನು ಆರಿಸಿ, ಮೊದಲೇ ತಿಳಿಸದೆ, ಶುಶ್ರೂಷಾ ಪರಿಷತ್ತು ತನ್ನ ವೀಕ್ಷಕರನ್ನು ಕಳಿಸಬೇಕು. ಆ ವೀಕ್ಷಕರನ್ನು ವೇದಿಕೆಗೆ ಕರೆದು ಹಾರ ಹಾಕುವಂತಿಲ್ಲ ಎಂಬ ನಿಯಮವನ್ನೂ ಸೇರಿಸಬೇಕು!

ಇಲ್ಲಿ ನಮ್ಮ ಭಾಗದ ಪ್ರಶ್ನೆ ಬರುತ್ತದೆ. ರಾಜ್ಯ ಶುಶ್ರೂಷಾ ಪರಿಷತ್ತು ಇರುವುದು ಬೆಂಗಳೂರಿನಲ್ಲಿ, ಕಲಬುರಗಿಯಿಂದ ಸುಮಾರು 600 ಕಿಲೋಮೀಟರ್ ದೂರದಲ್ಲಿ. ಬೀದರಿನಿಂದ ಇನ್ನೂ ದೂರ. ಕೋರ್ಸುಗಳನ್ನು ಪರಿಶೀಲಿಸುವ, ವೀಕ್ಷಕರನ್ನು ಕಳಿಸುವ ಕೆಲಸವನ್ನು ಅಷ್ಟು ದೂರದಿಂದ ನಡೆಸಿದರೆ ಅದು ಕಾಗದದ ಮೇಲಿನ ಪರಿಶೀಲನೆಯಾಗಿಯೇ ಉಳಿಯುತ್ತದೆ. ಕಲಬುರಗಿಯಲ್ಲಿ ಜಿಮ್ಸ್ ಎಂಬ ಸರ್ಕಾರಿ ವೈದ್ಯಕೀಯ ಕಾಲೇಜಿದೆ, ಸೇಡಂ ರಸ್ತೆಯಲ್ಲಿ ಇಎಸ್‌ಐಸಿ ವೈದ್ಯಕೀಯ ಕಾಲೇಜಿದೆ, ಜಯದೇವ ಹೃದ್ರೋಗ ಸಂಸ್ಥೆಯ ಶಾಖೆಯಿದೆ, ಹೈದರಾಬಾದ್ ಕರ್ನಾಟಕ ಶಿಕ್ಷಣ ಸಂಸ್ಥೆಯ ಹಳೆಯ ಕಾಲೇಜು ಮತ್ತು ಆಸ್ಪತ್ರೆಯಿದೆ. ಬೀದರಿನಲ್ಲಿ ಬ್ರಿಮ್ಸ್ ವೈದ್ಯಕೀಯ ಕಾಲೇಜು, ಯಾದಗಿರಿಯಲ್ಲಿ ಈಚಿನ ವರ್ಷಗಳಲ್ಲಿ ಬಂದ ಸರ್ಕಾರಿ ವೈದ್ಯಕೀಯ ಕಾಲೇಜು. ಇವುಗಳಲ್ಲಿರುವ ಹಿರಿಯ ನರ್ಸಿಂಗ್ ಬೋಧಕರನ್ನೂ, ಅಷ್ಟೇ ಸಂಖ್ಯೆಯಲ್ಲಿ ವಾರ್ಡಿನಲ್ಲಿ ದುಡಿಯುತ್ತಿರುವ ಶುಶ್ರೂಷಾಧಿಕಾರಿಗಳನ್ನೂ ಸೇರಿಸಿ ಕಲಬುರಗಿಯಲ್ಲಿ ಒಂದು ವಿಭಾಗೀಯ ಪರಿಶೀಲನಾ ಸಮಿತಿಯನ್ನು ರಚಿಸಿ, ಕಿರು ಕೋರ್ಸುಗಳ ಮಟ್ಟಿಗೆ ಅದಕ್ಕೆ ಅಧಿಕಾರ ಕೊಡಬೇಕು. ಸಂವಿಧಾನದ 371ಜೆ ವಿಧಿ ಈ ಭಾಗಕ್ಕೆ ಬಂದದ್ದು ಶಿಕ್ಷಣ ಮತ್ತು ಉದ್ಯೋಗದಲ್ಲಿ ಹಿಂದೆ ಬಿದ್ದ ಸೀಮೆಗೆ ತಕ್ಕ ಪಾಲು ಸಿಗಲೆಂದು. ಸೀಟು ಮತ್ತು ಹುದ್ದೆಯ ಬಳಿಕ ವೃತ್ತಿಯ ಉದ್ದಕ್ಕೂ ನಡೆಯುವ ಕಲಿಕೆಗೂ ಅದೇ ವಿವೇಕ ಅನ್ವಯಿಸುತ್ತದೆ ಎಂದು ನಾನು ತಿಳಿಯುತ್ತೇನೆ. ವಾರ್ಡಿನವರು ಸಮಿತಿಯಲ್ಲಿ ಇರಬೇಕೆಂದು ಒತ್ತಿ ಹೇಳಲು ಕಾರಣವಿದೆ: ಬೋಧಕರಷ್ಟೇ ಕುಳಿತರೆ ಉದ್ದೇಶಗಳ ಪಟ್ಟಿ, ಪಾಠದ ಯೋಜನೆ, ಅಂಕಗಳ ಹಂಚಿಕೆ ಎಲ್ಲವೂ ಅಂದವಾಗಿರುತ್ತವೆ, ಗಾಜಿನ ಟ್ಯೂಬು ಮಾತ್ರ ಮರೆತುಹೋಗಿರುತ್ತದೆ.

ಗಡಿಯ ಸಮಸ್ಯೆಯೊಂದು ಬೆಂಗಳೂರಿನಲ್ಲಿ ಕುಳಿತವರ ಕಣ್ಣಿಗೆ ಬೀಳುವುದಿಲ್ಲ. ಬೀದರಿನಿಂದ ಹೈದರಾಬಾದ್ ಸುಮಾರು 150 ಕಿಲೋಮೀಟರ್, ಕಲಬುರಗಿಯಿಂದ ಸೊಲ್ಲಾಪುರ ಅದಕ್ಕಿಂತ ಹತ್ತಿರ. ಈ ಭಾಗದ ನರ್ಸ್‌ಗಳು ಅಲ್ಲಿ ದುಡಿಯಲು ಹೋಗುತ್ತಾರೆ, ಮದುವೆಯಾಗಿ ಹೋಗುತ್ತಾರೆ, ಮತ್ತೆ ಇತ್ತ ಬರುತ್ತಾರೆ. ಬೀದರಿನ ಸಿಸ್ಟರ್ ಒಬ್ಬರಿಗೆ ಡಯಾಲಿಸಿಸ್ ಶುಶ್ರೂಷೆಯ ಒಳ್ಳೆಯ ಕಿರು ಕೋರ್ಸ್ ಹತ್ತಿರದಲ್ಲಿ ಸಿಗುವುದು ಹೈದರಾಬಾದಿನಲ್ಲಿ ಎಂದಾದರೆ, ತೆಲಂಗಾಣದಲ್ಲಿ ಮಾನ್ಯವಾದ ಆ ಕೋರ್ಸ್ ಕರ್ನಾಟಕದ ನವೀಕರಣಕ್ಕೂ ಯಾವ ಓಡಾಟವಿಲ್ಲದೆ ಸಲ್ಲಬೇಕು. ಮೂಲ ಅರ್ಹತೆಗಳು ರಾಜ್ಯದಿಂದ ರಾಜ್ಯಕ್ಕೆ ಸಲ್ಲುವಂತೆ ಮಾಡಲೆಂದೇ 1947ರ ಕಾಯ್ದೆ ಬಂತು. ಮೂರು ವರ್ಷದ ಕಲಿಕೆಯನ್ನು ಒಪ್ಪುವ ರಾಜ್ಯ ಮೂರು ದಿನದ ಕಲಿಕೆಗೆ ಬೇರೆ ಪರೀಕ್ಷೆ ಕೇಳುವುದು ಅರ್ಥವಿಲ್ಲದ್ದು. ಭಾರತೀಯ ಶುಶ್ರೂಷಾ ಪರಿಷತ್ತಿನ ನರ್ಸ್‌ಗಳ ನೋಂದಣಿ ಮತ್ತು ಜಾಡು ವ್ಯವಸ್ಥೆಯಲ್ಲಿ ಹೆಸರು ಸೇರಿಸಿಕೊಂಡ ಪ್ರತಿ ನರ್ಸಿಗೂ ಒಂದು ವಿಶಿಷ್ಟ ಗುರುತಿನ ಸಂಖ್ಯೆ ಇದೆ. ಕೋರ್ಸಿನ ಅನುಮೋದನೆಯ ಸಂಖ್ಯೆಯನ್ನು ಆ ಸಂಖ್ಯೆಗೆ ಜೋಡಿಸಿ, ಫಲಿತಾಂಶವನ್ನು ಸಂಸ್ಥೆಯೇ ನೇರವಾಗಿ ಏರಿಸುವಂತಾದರೆ ಪ್ರಮಾಣಪತ್ರದ ಜೆರಾಕ್ಸ್, ಅದಕ್ಕೆ ಗೆಜೆಟೆಡ್ ಅಧಿಕಾರಿಯ ದೃಢೀಕರಣ, ಕೊರಿಯರ್ ಎಲ್ಲವೂ ತಪ್ಪುತ್ತವೆ. ಆರೋಗ್ಯ ಇಲಾಖೆ ತಾನೇ ನಡೆಸುವ 21 ದಿನಗಳ ಕೌಶಲಯುತ ಹೆರಿಗೆ ತರಬೇತಿ, ನವಜಾತ ಶಿಶು ಸುರಕ್ಷಾ ಕಾರ್ಯಕ್ರಮದ ಎರಡು ದಿನಗಳ ತರಬೇತಿ ಇವೂ ಅರ್ಜಿಯಿಲ್ಲದೆ ಅದೇ ದಾಖಲೆಗೆ ಸೇರಬೇಕು. ಇವು ಕೈಯಿಂದ ಕೆಲಸ ಮಾಡಿಸುವ ತರಬೇತಿಗಳು. ಲೇಬರ್ ರೂಮಿನಲ್ಲಿ 21 ದಿನ ನಿಂತು ಕಲಿತವರು ಗಂಟೆ ತುಂಬಿಸಲು ಹೋಟೆಲಿನ ಸಭಾಂಗಣ ಹುಡುಕಿಕೊಂಡು ಹೋಗುವ ಪರಿಸ್ಥಿತಿ ಬರಬಾರದು.

ಆನ್‌ಲೈನ್ ಕೋರ್ಸಿನ ಬಗ್ಗೆ ಹೆಚ್ಚು ಹೇಳುವುದಿಲ್ಲ. ತಿಳಿವಳಿಕೆಯ ಭಾಗಕ್ಕೆ ಅದು ಒಳ್ಳೆಯದು. ಸುರಪುರದಲ್ಲೋ ಔರಾದಿನಲ್ಲೋ ಇರುವವರು ಅದಕ್ಕಾಗಿ ಬಸ್ಸು ಹತ್ತಬೇಕಾಗಿಲ್ಲ. ಕೌಶಲದ ಭಾಗಕ್ಕೆ ಅದರಿಂದ ಉಪಯೋಗವಿಲ್ಲ. ರೊಟ್ಟಿ ಬಡಿಯುತ್ತ ಫೋನನ್ನು ಗೋಡೆಗೆ ಒರಗಿಸಿಟ್ಟು ವೆಬಿನಾರಿಗೆ ಹಾಜರಾತಿ ಹಾಕುವ ತಾಯಂದಿರನ್ನು ನಾನು ಬಯ್ಯಲಾರೆ, ಏಕೆಂದರೆ ಆಸ್ಪತ್ರೆ ಅವರಿಗೆ ಕಲಿಯಲೆಂದು ಒಂದು ಗಂಟೆಯನ್ನೂ ಪಾಳಿಯೊಳಗೆ ಕೊಟ್ಟಿಲ್ಲ.

ವರ್ಷಕ್ಕೆ 30 ಗಂಟೆ ಎಂದರೆ ಎಂಟು ಗಂಟೆಯ ಪಾಳಿಯ ಲೆಕ್ಕದಲ್ಲಿ ನಾಲ್ಕು ದಿನಕ್ಕಿಂತ ಕಡಿಮೆ. ನೋಂದಣಿ ಉಳಿಸಿಕೊಳ್ಳಲು ಕಲಿಕೆ ಕಡ್ಡಾಯವೆಂದು ನಿಯಮ ಹೇಳುವುದಾದರೆ, ಆ ನಾಲ್ಕು ದಿನಗಳ ಸಂಬಳಸಹಿತ ರಜೆಯನ್ನು ಉದ್ಯೋಗದಾತ ಕೊಡುವುದೂ ಕಡ್ಡಾಯವಾಗಬೇಕು. ಸರ್ಕಾರಿ ಆಸ್ಪತ್ರೆಗಳಲ್ಲಿ ಡೆಪ್ಯುಟೇಷನ್ ಆದೇಶವೆಂಬ ದಾರಿಯಾದರೂ ಇದೆ. ಇಪ್ಪತ್ತು ಹಾಸಿಗೆಯ ಖಾಸಗಿ ನರ್ಸಿಂಗ್ ಹೋಮಿನಲ್ಲಿ ಎರಡು ಪಾಳಿಗೆ ಮೂರು ಜನ ನರ್ಸ್‌ಗಳಿದ್ದಾಗ ಒಬ್ಬರು ತರಬೇತಿಗೆ ಹೋದರೆ ಉಳಿದಿಬ್ಬರು ಡಬಲ್ ಡ್ಯೂಟಿ ಮಾಡಬೇಕು, ಹೋದವರ ಆ ದಿನದ ಸಂಬಳ ಕಡಿತವಾಗುತ್ತದೆ, ಕೋರ್ಸಿನ ಶುಲ್ಕ ಅವರ ಕೈಯಿಂದಲೇ ಹೋಗುತ್ತದೆ. ಇಂಥವರಿಗಾಗಿ ವಾರ್ಡಿನಲ್ಲಿಯೇ, ಪಾಳಿ ಬದಲಾಗುವ ಹೊತ್ತಿಗೆ ಹೊಂದಿಕೊಂಡು ನಡೆಯುವ ಎರಡು ಗಂಟೆಗಳ ಕಲಿಕೆಗಳನ್ನು ಕೂಡಿಸಿ ಒಂದು ಕೋರ್ಸೆಂದು ಪರಿಗಣಿಸುವ ಅವಕಾಶವಿರಬೇಕು. ಜಿಲ್ಲಾಸ್ಪತ್ರೆಯ ಅನುಮೋದಿತ ತರಬೇತುದಾರರು ತಿಂಗಳಿಗೊಮ್ಮೆ ಅಲ್ಲಿಗೆ ಹೋಗಿ ಪರೀಕ್ಷೆ ನಡೆಸಿದರೆ ಸಾಕು. ಪರೀಕ್ಷೆ ಕನ್ನಡದಲ್ಲಿ ನಡೆಯಲಿ. ರೋಗಿಯೊಡನೆ, ಆಯಾಗಳೊಡನೆ, ಹ್ಯಾಂಡೋವರ್‌ನಲ್ಲಿ ನಾವು ಆಡುವ ಮಾತಿನಲ್ಲಿಯೇ ಕೌಶಲವನ್ನು ವಿವರಿಸಲು ಅವಕಾಶ ಕೊಟ್ಟರೆ ಇಂಗ್ಲಿಷಿನ ಅಳುಕಿನಿಂದ ಹಿಂದೆ ಸರಿಯುವ ಅನುಭವಿ ನರ್ಸ್‌ಗಳು ಮುಂದೆ ಬರುತ್ತಾರೆ.

ಇದೆಲ್ಲವನ್ನೂ ಒಮ್ಮೆಲೇ ಮಾಡಬೇಕೆಂದು ನಾನು ಕೇಳುವುದಿಲ್ಲ. ಮೂರು ಜಿಲ್ಲೆಗಳಿಗೆ ಹೊಂದುವ ನಾಲ್ಕೈದು ಕೋರ್ಸುಗಳನ್ನು ಆರಿಸಿಕೊಂಡು ಪ್ರಯೋಗ ಮಾಡಬಹುದು: ಹಾವು ಕಡಿತ, ಕ್ರಿಮಿನಾಶಕ ವಿಷ, ಬಿಸಿಲಾಘಾತ, ಹೆರಿಗೆಯ ನಂತರದ ರಕ್ತಸ್ರಾವ, ನವಜಾತ ಶಿಶುವಿನ ಪುನಶ್ಚೇತನ. ಅರ್ಜಿಯ ನಮೂನೆ ಎರಡು ಪುಟ ಮೀರಬಾರದು. ಕೋರ್ಸ್ ಮುಗಿಸಿದವರು ಏನು ಮಾಡಬಲ್ಲರು, ಅದನ್ನು ಹೇಗೆ ಪರೀಕ್ಷಿಸುತ್ತೀರಿ, ಒಬ್ಬ ಪರೀಕ್ಷಕರಿಗೆ ಎಷ್ಟು ಪರೀಕ್ಷಾರ್ಥಿಗಳು, ಯಾವ ಕೆಲಸಕ್ಕೆ ಈ ಪತ್ರ ಸಾಲದು ಎಂಬುದಷ್ಟು ಅದರಲ್ಲಿದ್ದರೆ ಸಾಕು. ತೀರ್ಮಾನಕ್ಕೆ ಗಡುವೂ ಇರಬೇಕು. ಬಿಸಿಲಾಘಾತದ ಕೋರ್ಸಿಗೆ ಮಾರ್ಚ್ ಮುಗಿಯುವುದರೊಳಗೆ, ಹಾವು ಕಡಿತದ ಕೋರ್ಸಿಗೆ ಮೇ ತಿಂಗಳೊಳಗೆ ಅನುಮೋದನೆ ಕೈಸೇರಬೇಕು; ಅರ್ಜಿ ಸಲ್ಲಿಸಿದ ಮೂವತ್ತು ದಿನಗಳಲ್ಲಿ ಉತ್ತರ ಬಾರದಿದ್ದರೆ ಆ ಒಂದು ವರ್ಷದ ಮಟ್ಟಿಗೆ ಕೋರ್ಸ್ ತಾತ್ಕಾಲಿಕವಾಗಿ ಮಾನ್ಯವಾಯಿತೆಂದು ತಿಳಿಯಬೇಕು ಎಂಬ ಒಂದು ವಾಕ್ಯವನ್ನು ನಿಯಮದಲ್ಲಿ ಸೇರಿಸಿಬಿಟ್ಟರೆ ಸಮಿತಿ ತಾನಾಗಿಯೇ ಸಭೆ ಸೇರುತ್ತದೆ.